ಎಮ್ಮೆ ಏಳುವ ತನಕ

ನೀವು ನಂಬುವುದಿಲ್ಲ, ಗೊತ್ತು. ನಂಬಬೇಡಿ. ನಂಬದೆಯೇ ಕೂತು ಕೊನೆಯ ತನಕ ಓದಿ ತೋರಿಸಿ, ಆಮೇಲೆ ಮಾತಾಡೋಣ. ಮಂಡ್ಯ ಕಡೆಯ ಹಳ್ಳಿಯವನಾದ ನಾನು ಸ್ವೀಡನ್ನಿನ ಶೋವ್ಡೆಯಲ್ಲಿ ಕೂತು, ಒಂದು ಮಲಗಿದ ಎಮ್ಮೆಯನ್ನು ನಂಬಿಕೊಂಡು ಡ್ರ್ಯಾಗನ್‌ಗಳನ್ನು ಸೋಲಿಸಿದ್ದೇನೆ. ಇಂಥವು ನನಗೆ ಆಗುತ್ತಲೇ ಇರುತ್ತವೆ. ಬೇರೆಯವರ ಬದುಕಿನಲ್ಲಿ ವರ್ಷಕ್ಕೊಂದು ವಿಚಿತ್ರ ನಡೆದರೆ ನನ್ನ ಬದುಕಿನಲ್ಲಿ ಗುರುವಾರಕ್ಕೊಂದು ನಡೆಯುತ್ತದೆ. ಗುರುವಾರ ಯಾಕೆಂದರೆ ನಮ್ಮ ಕ್ಲಬ್ಬಿನ ಬಾಗಿಲು ತೆರೆಯುವುದು ಅವತ್ತೇ.

ಬೇಡದ ಕಾರ್ಡುಗಳ ಡಬ್ಬ

ಈ ಊರಿಗೆ ಬಂದ ಮೊದಲ ಡಿಸೆಂಬರು. ನನ್ನ ಕೆಲಸ ಎಂಜಿನ್ ಕಾರ್ಖಾನೆಯಲ್ಲಿ, ಹೊಸ ಎಂಜಿನ್ನುಗಳನ್ನು ಓಡಿಸಿ ಅವು ಏನು ಗೊಣಗುತ್ತವೆ ಎಂದು ಕೇಳಿಸಿಕೊಳ್ಳುವುದು. ಮಧ್ಯಾಹ್ನ ಮೂರೂವರೆಗೇ ಕತ್ತಲು. ಮನೆಗೆ ಹೋದರೆ ನಾನು ಗೋಡೆ ನೋಡಬೇಕು, ಗೋಡೆ ನನ್ನನ್ನು ನೋಡಬೇಕು. ಒಂದು ಗುರುವಾರ ಗುಡ್ಡದ ಮೇಲಿನಿಂದ ಮಂಜು ಇಳಿದು ಊರನ್ನೆಲ್ಲ ಮುಚ್ಚಿಹಾಕಿತು. ನಾನು ದಾರಿ ತಪ್ಪುವವನಲ್ಲ. ದಾರಿಯೇ ಸ್ವಲ್ಪ ಪಕ್ಕಕ್ಕೆ ಸರಿದಿತ್ತು. ಹಾಗೆ ನಡೆಯುತ್ತಾ ಒಂದು ನೆಲಮಾಳಿಗೆಯ ಕಿಟಕಿಯಲ್ಲಿ ಹಳದಿ ಬೆಳಕು ಕಂಡು ಒಳಗೆ ಹೋದೆ.

ಹತ್ತು ಜನ ಎದುರುಬದುರಾಗಿ ಕೂತು ಕಾರ್ಡು ಆಡುತ್ತಿದ್ದರು. ಇಸ್ಪೀಟಲ್ಲ. ಡ್ರ್ಯಾಗನ್ನು, ಯೋಧ, ಮಾಟಗಾತಿ ಚಿತ್ರಗಳ ಕಾರ್ಡು. ಸಾವಿರಾರು ಬಗೆಯಲ್ಲಿ ನಮಗೆ ಬೇಕಾದ ಅರವತ್ತನ್ನು ಆರಿಸಿ ನಮ್ಮದೇ ಕಟ್ಟು ಜೋಡಿಸಿಕೊಳ್ಳಬೇಕು. ಅದಕ್ಕೆ ಡೆಕ್ ಅನ್ನುತ್ತಾರೆ. ನಿಮ್ಮ ಪ್ರಾಣಿಗಳನ್ನು ಎದುರಾಳಿಯ ಮೇಲೆ ಬಿಟ್ಟು ಅವನ ಇಪ್ಪತ್ತು ಅಂಕದ ಪ್ರಾಣವನ್ನು ಸೊನ್ನೆಗೆ ಇಳಿಸಿದರೆ ಗೆದ್ದಿರಿ. ಅಷ್ಟೇ ಆಟ.

ಬಾಗಿಲ ಬಳಿ ಒಂದು ಹಳೇ ಶೂ ಡಬ್ಬ. ಯಾರಿಗೂ ಬೇಡವಾದ ಕಾರ್ಡುಗಳನ್ನು ಅದರಲ್ಲಿ ಹಾಕಿರುತ್ತಾರೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಕೈ ಹಾಕಿದೆ. ಮೊದಲಿಗೇ ಕೈಗೆ ಬಂದದ್ದು ಅವಳು. ಬಿಳಿ ಮಂಜು, ಮಂಜಿನ ನಡುವೆ ಕಪ್ಪಗೆ ಮಲಗಿದ ದೊಡ್ಡ ಮೈ, ಹಿಂದಕ್ಕೆ ಬಾಗಿದ ಕೊಂಬು, ಅರ್ಧ ಮುಚ್ಚಿದ ಕಣ್ಣು. ನಮ್ಮೂರ ಕೆರೆಯಲ್ಲಿ ಬೆಳಗಿನ ಜಾವ ಎಷ್ಟು ಸಲ ನೋಡಿಲ್ಲ ಆ ಮುಖವನ್ನು. ಕಾರ್ಡಿನ ಹೆಸರು ಇಂಗ್ಲಿಷಿನಲ್ಲಿ ‘ಮಂಜಿನಲ್ಲಿ ಮಲಗಿದ್ದು’ ಎಂಬರ್ಥದಲ್ಲಿ ಇತ್ತು. ಯಾವ ಪ್ರಾಣಿ ಎಂದು ಬರೆದಿರಲಿಲ್ಲ.

ಕ್ಲಬ್ಬಿನ ತಂಡಕ್ಕೆ ನಾಯಕಿ ಒಬ್ಬಾಕೆ, ಆಸ್ಪತ್ರೆಯಲ್ಲಿ ನರ್ಸು. ನನ್ನ ಕೈ ನೋಡಿ ಅಂದಳು: “ಅದು ಬೇಡ. ಅದನ್ನು ಆ ಡಬ್ಬಕ್ಕೆ ಎಷ್ಟೋ ಜನ ಹಾಕಿದ್ದಾರೆ, ಬೇರೆ ಪ್ರತಿಗಳೆಲ್ಲ ಕಸಕ್ಕೆ ಹೋದವು. ಆ ಕಸ್ತೂರಿ ಎತ್ತು ಏನೂ ಮಾಡೋದಿಲ್ಲ.”

“ಇದು ಎಮ್ಮೆ,” ಅಂದೆ.

“ಕಸ್ತೂರಿ ಎತ್ತು. ಮೈತುಂಬ ಕೂದಲಿನ ಕಾಡುದನ, ಉತ್ತರದ ಬೆಟ್ಟಗಳಲ್ಲಿ ಇರುತ್ತೆ.”

“ನೀವು ಆಸ್ಪತ್ರೆಯಲ್ಲಿ ಎಷ್ಟು ವರ್ಷದಿಂದ ಇದ್ದೀರಿ?”

“ಹದಿನೆಂಟು.”

“ನಾನು ಎಮ್ಮೆಗಳ ಜೊತೆ ಹದಿನೆಂಟು ವರ್ಷ ಇದ್ದೆ. ರೋಗಿ ಯಾರು ಅಂತ ನೀವು ಹೇಳಿ, ಎಮ್ಮೆ ಯಾವುದು ಅಂತ ನಾನು ಹೇಳ್ತೀನಿ.”

ಆಕೆ “ಸರಿ, ಎಮ್ಮೆ. ಆದರೂ ಅದು ಗೆಲ್ಲಲ್ಲ,” ಅಂದಳು. ಹತ್ತೂ ಜನ ನನ್ನ ಕಡೆ ಅಯ್ಯೋ ಪಾಪ ಎಂದು ನೋಡಿದರು. ನಾನು ಯಾರ ಪಾಪವನ್ನೂ ಇಟ್ಟುಕೊಳ್ಳುವವನಲ್ಲ. ಎಮ್ಮೆ ಹಿಡಿದುಕೊಂಡು ಬಸ್ಸು ಹತ್ತಿದೆ. ಬಸ್ಸು ಖಾಲಿ ಇತ್ತು. ಅವಳಿಗೆ ಕಿಟಕಿ ಪಕ್ಕದ ಸೀಟು ಕೊಟ್ಟೆ.

ಏನೂ ಮಾಡದಿರುವ ವಿದ್ಯೆ

ಎಮ್ಮೆ ಕಾರ್ಡಿನ ನಿಯಮ ಇದು. ಅವಳು ಯಾರ ಮೇಲೂ ಬೀಳುವುದಿಲ್ಲ, ಸುಮ್ಮನೆ ಮಲಗಿರುತ್ತಾಳೆ. ನಿಮ್ಮ ಸರದಿ ಬಂದಾಗ ನೀವು ಏನೂ ಮಾಡದೆ ಬಿಟ್ಟರೆ ಅವಳ ಮೇಲೆ ಒಂದು ಗಾಜಿನ ಮಣಿ ಇಡಬಹುದು, ಅದು ಮಂಜು. ಒಂಬತ್ತು ಮಣಿ ಆದರೆ ಎಮ್ಮೆ ಏಳುತ್ತಾಳೆ, ಎದ್ದ ಕ್ಷಣವೇ ನೀವು ಗೆದ್ದಿರಿ. ನಡುವೆ ಒಂದೇ ಒಂದು ಸಲ ಕೈ ಆಡಿಸಿದರೂ ಮಣಿಯೆಲ್ಲ ಹೋಯಿತು.

ಸ್ವೀಡನ್ನಿನ ಹುಡುಗರಿಗೆ ಇದು ಆಗದ ಮಾತು. ಒಂಬತ್ತು ಸರದಿ ಕೈಕಟ್ಟಿ ಕೂರಬೇಕಲ್ಲ. ನನಗಾದರೋ ಅದು ಹುಟ್ಟಿನಿಂದ ಬಂದ ಕಸುಬು. ಕೆರೆ ಏರಿಯ ಮೇಲೆ ಎಮ್ಮೆ ಬಿಟ್ಟುಕೊಂಡು ಬೆಳಗಿನಿಂದ ಸಂಜೆ ತನಕ ಏನೂ ಮಾಡದೆ ಕೂತವನು ನಾನು. ಎಷ್ಟು ಚೆನ್ನಾಗಿ ಏನೂ ಮಾಡುತ್ತಿರಲಿಲ್ಲ ಎಂದರೆ ಕೊಕ್ಕರೆಗಳು ನನ್ನ ತಲೆಯನ್ನು ಕಲ್ಲು ಎಂದು ತಿಳಿದಿದ್ದವು.

ಆದರೂ ಮೊದಲ ಎರಡು ತಿಂಗಳು ಸೋತೆ, ಸುಳ್ಳು ಯಾಕೆ ಹೇಳಲಿ. ನಾಲ್ಕನೇ ಮಣಿ ಇಡುವಷ್ಟರಲ್ಲಿ ಯಾರದೋ ಡ್ರ್ಯಾಗನ್ನು ಬಂದು ಎಮ್ಮೆಯನ್ನು ಸುಟ್ಟುಹಾಕುತ್ತಿತ್ತು. ಆಮೇಲೆ ಒಂದು ಮುಂಜಾನೆ ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಹೊತ್ತಿನಲ್ಲಿ ನಮ್ಮನೆ ಹಿತ್ತಿಲು ಕಂಡಿತು. ಗೂಟ ಹೊಡೆದಿದೆ, ಬೇಲಿ ಕಟ್ಟಿದೆ, ಬೇಲಿ ಸುತ್ತ ಮುಳ್ಳು ಹರಡಿದೆ, ಮೂಲೆಯಲ್ಲಿ ಹುಲ್ಲು. ಎಮ್ಮೆ ಮಾತ್ರ ಇಲ್ಲ. ನನಗೆ ಅರ್ಥವಾಯಿತು. ನಾನು ಇಷ್ಟು ದಿನ ಎಮ್ಮೆಯನ್ನು ಮೊದಲು ತಂದು ಗೂಟ ಆಮೇಲೆ ಹುಡುಕುತ್ತಿದ್ದೆ. ಕೆಲಸಕ್ಕೆ ಹೋಗುವ ಮೊದಲೇ ಡೆಕ್ಕನ್ನು ಬಿಚ್ಚಿ ಹೊಸದಾಗಿ ಜೋಡಿಸಿದೆ. ಗೋಡೆಯ ಕಾರ್ಡು, ಕಂದಕದ ಕಾರ್ಡು, ಮುಳ್ಳಿನ ಕಾರ್ಡು, ಬೆಂಕಿ ಆರಿಸುವ ಮಳೆಯ ಕಾರ್ಡು. ಐವತ್ತೊಂಬತ್ತು ಕಾರ್ಡು ಕೊಟ್ಟಿಗೆ, ಒಂದು ಎಮ್ಮೆ.

ಮುಂದಿನ ಗುರುವಾರ ಎದುರಿಗೆ ಕೂತವನು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗ. ಅವನ ಮೂರು ಡ್ರ್ಯಾಗನ್ನು ಬೇಲಿಯ ಆಚೆ ಸಾಲಾಗಿ ನಿಂತವು.

“ಏನು ಮಾಡ್ತೀಯ?” ಅಂದ.

“ಏನೂ ಇಲ್ಲ,” ಅಂದೆ, ಮಣಿ ಇಟ್ಟೆ.

ಮೂರನೇ ಮಣಿಗೆ ಅವನು ಕಾಫಿ ತರಲು ಎದ್ದುಹೋದ. ಐದನೇ ಮಣಿಗೆ ನನಗೂ ಒಂದು ಲೋಟ ತಂದ. ಆರನೇ ಮಣಿಗೆ ಅವನ ಹುಡುಗಿ ಬಿಟ್ಟುಹೋದ ಕತೆ ಶುರುವಾಯಿತು. ನಾನು ಏನೂ ಮಾಡಲಿಲ್ಲ, ಕೇಳಿದೆ ಅಷ್ಟೇ. ಒಂಬತ್ತನೇ ಮಣಿಗೆ ಎಮ್ಮೆ ಎದ್ದಳು. ಹುಡುಗ ನನ್ನ ಕೈ ಹಿಡಿದು ಕುಲುಕಿ ಥ್ಯಾಂಕ್ಸ್ ಹೇಳಿದ. ಅಷ್ಟು ಹೊತ್ತು ಅವನ ಮಾತನ್ನು ಯಾರೂ ಕೇಳಿಸಿಕೊಂಡಿರಲಿಲ್ಲವಂತೆ, ಅವನು ದುಡ್ಡು ಕೊಟ್ಟು ಹೋಗುತ್ತಿದ್ದ ಡಾಕ್ಟರು ಕೂಡ.

ಕಣ್ಣಿಗೊತ್ತಿಕೊಂಡ ಕೇಸು

ಕಟ್ಟಿನಿಂದ ಕಾರ್ಡು ಎಳೆದಾಗ ನಾನು ಅದನ್ನು ಎರಡು ಕಣ್ಣಿಗೂ ಒತ್ತಿಕೊಂಡು ಆಮೇಲೆ ನೋಡುತ್ತೇನೆ. ಇದೇನು ಹೊಸದಲ್ಲ, ನಾವು ಪುಸ್ತಕಕ್ಕೂ ಮಾಡುತ್ತೇವೆ, ಕಾಲಿಗೆ ತಾಗಿದ ಪೆನ್ನಿಗೂ ಮಾಡುತ್ತೇವೆ. ಆದರೆ ಕ್ಲಬ್ಬಿನಲ್ಲಿ ಯಾರೋ ನಾಯಕಿಯ ಹತ್ತಿರ ದೂರು ಕೊಟ್ಟರು, ಇವನು ಏನೋ ಗುಟ್ಟು ಮಾಡುತ್ತಾನೆ ಎಂದು.

ನಾಯಕಿ ಕೇಳಿದಳು: “ಅದು ಯಾಕೆ?”

“ಕೈಗೆ ಬಂದದ್ದಕ್ಕೆ ಮರ್ಯಾದೆ.”

“ಕೆಟ್ಟ ಕಾರ್ಡು ಬಂದರೆ?”

“ಆವಾಗ ಎರಡು ಸಲ.”

ಆಕೆ ಅದನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡಳು. ತಿಂಗಳೊಳಗೆ ವಿಶ್ವವಿದ್ಯಾಲಯದ ಹುಡುಗನೂ ಒತ್ತಿಕೊಳ್ಳತೊಡಗಿದ. ಅವನು ಕನ್ನಡಕ ತೆಗೆಯುವುದನ್ನು ಮರೆತು ಎರಡು ಕನ್ನಡಕ ಮುರಿದ. ಮೂರನೆಯದಕ್ಕೆ ಕಣ್ಣಿನ ಡಾಕ್ಟರು ಕಾರಣ ಕೇಳಿದಾಗ ‘ಮರ್ಯಾದೆ’ ಎಂದನಂತೆ.

ನಾಲ್ಕನೇ ಕುರ್ಚಿ

ಅಕ್ಟೋಬರಿನಲ್ಲಿ ಓರೆಬ್ರೂ ಊರಿನಲ್ಲಿ ಸುತ್ತಲ ಕ್ಲಬ್ಬುಗಳ ಪಂದ್ಯ. ತಂಡಕ್ಕೆ ನಾಲ್ಕು ಜನ. ನಾಯಕಿ, ವಿಶ್ವವಿದ್ಯಾಲಯದ ಹುಡುಗ, ಕೆಲಸದಿಂದ ನಿವೃತ್ತನಾದ ಒಬ್ಬ ಬಸ್ ಡ್ರೈವರು, ಇವರು ಮೂವರು ಖಾಯಂ. ನಾಲ್ಕನೆಯವನು ಸಂಶೋಧನೆಗೆಂದು ಕಾರ್ಲ್‌ಸ್ಟಾಡ್ ಸೇರಿಕೊಂಡಿದ್ದ. ಅವನ ಕುರ್ಚಿ ಖಾಲಿ. ನನಗೆ ಆ ಕುರ್ಚಿ ಬೇಕಿತ್ತು. ಎಷ್ಟು ಬೇಕಿತ್ತು ಎಂದರೆ, ಕೇಳದೆ ಕೊಡಲಿ ಎಂದು ಆರು ವಾರ ಯಾರನ್ನೂ ಕೇಳಲಿಲ್ಲ.

ಇದಕ್ಕೊಂದು ಸಭೆ ಕರೆದರು. ಇದ್ದದ್ದು ನಾನೂ ಸೇರಿ ಹನ್ನೊಂದು ಜನ. ಅದರಲ್ಲಿ ಒಬ್ಬರು ಅಧ್ಯಕ್ಷರು, ಅವರ ಮುಂದೆ ಒಂದು ಮರದ ಸುತ್ತಿಗೆ. ಒಬ್ಬರು ನಡಾವಳಿ ಬರೆಯುವವರು, ಆ ನಡಾವಳಿ ಸರಿಯಿದೆಯೇ ನೋಡಲು ಇನ್ನಿಬ್ಬರು. ನಮ್ಮೂರ ಪಂಚಾಯಿತಿಯಲ್ಲೂ ಇಷ್ಟು ಶಿಸ್ತು ನೋಡಿಲ್ಲ. ಮೊದಲು ಫೀಕಾ, ಅಂದರೆ ಕಾಫಿ ಮತ್ತು ದಾಲ್ಚಿನ್ನಿ ಬನ್ನು. ಆಮೇಲೆ ಪರಿಸರದ ಕಾಳಜಿಯಿಂದ ಈ ಸಲ ಓರೆಬ್ರೂ ಪಂದ್ಯದಲ್ಲಿ ಕಾರ್ಡುಗಳಿಗೆ ಪ್ಲಾಸ್ಟಿಕ್ ಕವಚ ಹಾಕುವಂತಿಲ್ಲ ಎಂಬ ವಿಷಯ. ಅದಕ್ಕೇ ಮುಕ್ಕಾಲು ಗಂಟೆ. ಕೊನೆಗೆ ನನ್ನ ಎಮ್ಮೆ.

ನಾನು ಎದ್ದು ನಿಂತು ಹೇಳಿದೆ: “ಕುರ್ಚಿ ನನಗೆ ಕೊಡಿ. ನಾನು ಸೋತರೆ ನನ್ನ ಹೆಸರು ಬದಲಾಯಿಸಿಕೊಳ್ತೀನಿ.”

ಯಾರೂ ನಗಲಿಲ್ಲ. ಬಸ್ ಡ್ರೈವರ್ ಮಾತ್ರ ನಿಧಾನವಾಗಿ ಕೇಳಿದ, “ಏನಂತ ಬದಲಾಯಿಸ್ತೀಯ?” ಅದನ್ನೂ ನಡಾವಳಿಯಲ್ಲಿ ಬರೆದರು.

ಎರಡು ಗಂಟೆ ಆದ ಮೇಲೆ ಸುತ್ತಿಗೆ ಬಿತ್ತು. ಓರೆಬ್ರೂನಲ್ಲಿ ನಾಲ್ಕನೇ ಕುರ್ಚಿಯಲ್ಲಿ ನಾನು ಕೂರಬಹುದು, ಖಾಯಮ್ಮಾಗಿ ಕೊಡುವುದೋ ಬಿಡುವುದೋ ಅಲ್ಲಿಯ ಆಟ ನೋಡಿ. ನಾಯಕಿ ಮೆಲ್ಲಗೆ ಹೇಳಿದಳು, “ಎಮ್ಮೆಯನ್ನು ಬಿಟ್ಟು ಬಾ, ಕುರ್ಚಿ ಇವತ್ತೇ ನಿನ್ನದು.” ಎಮ್ಮೆ ಬಿಟ್ಟು ನಾನು ಎಲ್ಲಿಗೂ ಬರುವುದಿಲ್ಲ ಎಂದೆ.

ಅವತ್ತು ಹೊರಡುವಾಗ ಸಿಂಕಿನ ಮೇಲೆ ಅಂಟಿಸಿದ ಪಟ್ಟಿ ನೋಡಿದೆ. ಯಾವ ಗುರುವಾರ ಯಾರು ಕಾಫಿ ಪಾತ್ರೆ, ಲೋಟ ತೊಳೆಯಬೇಕು ಎಂಬ ಪಾಳಿ. ಅಧ್ಯಕ್ಷರ ಹೆಸರೂ ಇದೆ, ನಾಯಕಿಯದೂ ಇದೆ, ಹತ್ತು ಜನರದೂ ಇದೆ. ನನ್ನದು ಮಾತ್ರ ಇಲ್ಲ. ನೋಡಿ ಎದೆ ಉಬ್ಬಿತು. ಎಷ್ಟು ಗೌರವ ನೋಡಿ ನನಗೆ. ಮನೆಗೆ ಬಂದು ಊರಿಗೆ ಫೋನು ಹಚ್ಚಿ ಅಜ್ಜಿಗೆ ಹೇಳಿದೆ: “ನಾನು ಕುಡಿದ ಲೋಟ ಇಲ್ಲಿ ಸಭೆಯ ಅಧ್ಯಕ್ಷರು ತೊಳೀತಾರೆ.”

ಆಯುಧಪೂಜೆ

ನಮ್ಮ ಕಟ್ಟಡದ ಮೇಲ್ಮಹಡಿಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಬೆಂಗಳೂರಿನವರು, ಸಾಫ್ಟ್‌ವೇರ್ ಕೆಲಸ, ಇಲ್ಲಿ ಒಂಬತ್ತು ವರ್ಷ. ಈ ಊರಿನ ಕನ್ನಡದವರಿಗೆಲ್ಲ ಅವರೇ ಅಕ್ಕ. ಪಂದ್ಯದ ಹಿಂದಿನ ವಾರ ಅವರ ಮನೆಯಲ್ಲಿ ಆಯುಧಪೂಜೆ. ಲ್ಯಾಪ್‌ಟಾಪು, ಈಳಿಗೆಮಣೆ, ಮಕ್ಕಳ ಸ್ಕೇಟು, ಕಾರಿನ ಕೀಲಿ ಎಲ್ಲ ಸಾಲಾಗಿ ಇಟ್ಟಿದ್ದರು. ಕೆಳಗೆ ಪಾರ್ಕಿಂಗಿನಲ್ಲಿ ಕಾರಿನ ಚಕ್ರದಡಿ ನಾಲ್ಕು ನಿಂಬೆಹಣ್ಣು. ನಾನೂ ನನ್ನ ಆಯುಧ ಇಟ್ಟೆ. ಡೆಕ್ಕಿನ ಮೇಲೆ ಎಮ್ಮೆ. ಮುಖದ ಮೇಲೆ ಕುಂಕುಮ ಇಟ್ಟರೆ ಅಕ್ಷರ ಮುಚ್ಚಿಹೋಗುತ್ತದೆ ಎಂದು ಅವಳನ್ನು ಬೋರಲು ಮಲಗಿಸಿ, ನೀರಲ್ಲಿ ಕಲಸಿದ ಕುಂಕುಮದ ಒಂದು ಬೊಟ್ಟನ್ನು ಬೆನ್ನಿಗೆ ಇಟ್ಟೆ.

ಮಂಗಳಾರತಿ ಹಿಡಿದ ಅಕ್ಕ ಅಲ್ಲೇ ನಿಂತರು. “ಏನೋ ಅದು?”

“ನನ್ನ ಆಯುಧ ಅಕ್ಕ.”

“ದೇವರ ಮುಂದೆ ಇಸ್ಪೀಟೆಲೆ ಇಟ್ಟಿದೀಯಲ್ಲೋ. ಗುರುವಾರ ಗುರುವಾರ ಇದಕ್ಕಾ ಹೋಗೋದು ನೀನು?”

“ಇದು ಇಸ್ಪೀಟಲ್ಲ. ಇದರಲ್ಲಿ ರಾಜ ರಾಣಿ ಇಲ್ಲ, ಎಮ್ಮೆ ಇದೆ.”

“ಎಮ್ಮೆ ಇಟ್ಟು ಆಡೋ ಮಟ್ಟಕ್ಕೆ ಹೋಗಿದೀಯಾ?”

ಆರತಿ ತಣ್ಣಗಾಗುವ ಮೊದಲೇ ಅಕ್ಕ ಊರಿಗೆ ವಿಡಿಯೋ ಕಾಲ್ ಮಾಡಿದರು. ಪರದೆಯ ತುಂಬ ಅಜ್ಜಿ.

“ಏನ್ಲಾ ಮಗ, ಇಸ್ಪೀಟ್ ಆಡ್ತಿದ್ದೀಯಂತೆ? ನಿಮ್ಮ ತಾತ ಇಸ್ಪೀಟಲ್ಲೇ ಕಣ್ಲಾ ಗೌರೀನ ಸೋತಿದ್ದು. ಎಮ್ಮೆ ಹೊಡ್ಕಂಡು ಹೋದೋರು ಬರೀ ಹಗ್ಗ ಹಿಡ್ಕಂಡು ಬಂದ್ರು.”

ನಾನು ಕಾರ್ಡನ್ನು ಕ್ಯಾಮೆರಾಕ್ಕೆ ಹಿಡಿದೆ. ಅಜ್ಜಿ ಕಣ್ಣು ಹತ್ತಿರ ತಂದಳು. ಆ ಕಡೆ ಹಿತ್ತಿಲಲ್ಲಿ ಯಾವುದೋ ಹಕ್ಕಿ ಕೂಗುತ್ತಿತ್ತು, ಈ ಕಡೆ ಕಿಟಕಿಯ ಹೊರಗೆ ಮಂಜು ಸುಮ್ಮನೆ ನಿಂತಿತ್ತು. ಅಜ್ಜಿ ಬಹಳ ಹೊತ್ತು ನೋಡಿದಳು.

“ಕೊಂಬು ಹಂಗೇ ಅದೆ,” ಅಂದಳು. “ಕಣ್ಣೂ ಹಂಗೇ ಅದೆ. ಗೌರಿ ಕಣ್ಲಾ ಅದು. ಯಾವ ದೇಶಕ್ಕೆ ಬಂದು ಮಲಗವ್ಳೆ ನೋಡು.”

ಅಕ್ಕ “ಅಜ್ಜಿ, ಅದು ಚಿತ್ರ,” ಅಂದರು. ಅಜ್ಜಿ ಕೇಳಿಸಿಕೊಳ್ಳಲಿಲ್ಲ. ತೀರ್ಪು ಕೊಟ್ಟಳು: ಅಕ್ಕ ಜೊತೆಗೆ ಹೋಗಬೇಕು, ಕಾಸಿನ ಆಟವೋ ಅಲ್ಲವೋ ಕಣ್ಣಾರೆ ನೋಡಬೇಕು. ಕಾಸಿನ ಆಟವಾದರೆ ಕಿವಿ ಹಿಡಿದು ಎಳಕೊಂಡು ಬರಬೇಕು. ಅಲ್ಲವಾದರೆ ನಾನು ಗೆದ್ದು ಬರಬೇಕು, ಈ ಮನೆಯವರು ಅದೇ ಎಮ್ಮೆಯನ್ನು ಎರಡು ಸಲ ಸೋಲುವಂತಿಲ್ಲ. ಫೋನಿಡುವಾಗ ಕೇಳಿದಳು:

“ಹಗ್ಗ ಇನ್ನೂ ಅಟ್ಟದ ಮ್ಯಾಲೆ ಅದೆ. ಕಳಿಸ್ಕೊಡ್ಲಾ?”

ಅರವತ್ತು ಬೊಟ್ಟು

ಶನಿವಾರ ಬೆಳಿಗ್ಗೆ ಅಕ್ಕನ ಕಾರಿನಲ್ಲಿ ಓರೆಬ್ರೂಗೆ ಹೊರಟೆವು. ಎರಡೂ ಕಡೆ ಕಾಡು, ಕಾಡಿನ ಬುಡದಲ್ಲಿ ಹಾಲು ಚೆಲ್ಲಿದಂತೆ ಮಂಜು. ಮಂಜಿನೊಳಗೆ ಕಪ್ಪಗೆ ಏನಾದರೂ ಕಂಡರೆ ಬಂಡೆಯೋ ಎಮ್ಮೆಯೋ ಹೇಳಲಾಗುತ್ತಿರಲಿಲ್ಲ. ನಾನು ಸುಮ್ಮನೆ ಕೂತಿರಲಾರದೆ ನನ್ನ ಗೌರವದ ಕತೆ ತೆಗೆದೆ, ಲೋಟದ ಕತೆ.

ಅಕ್ಕ ರಸ್ತೆ ನೋಡುತ್ತಲೇ ಕೇಳಿದರು: “ಆ ಪಟ್ಟಿಯಲ್ಲಿ ನಿನ್ನ ಹೆಸರೇ ಇಲ್ವಾ?”

“ಇಲ್ಲ.”

“ಹತ್ತು ತಿಂಗಳಿಂದ?”

“ಹತ್ತು ತಿಂಗಳಿಂದ.”

“ಅದು ಗೌರವ ಅಲ್ಲ ಕಣೋ. ಇಲ್ಲಿ ಮನೆಯವರು ಅಂತ ಅಂದುಕೊಂಡೋರ ಕೈಲಿ ಮಾತ್ರ ತೊಳೆಸ್ತಾರೆ. ನನ್ನ ಆಫೀಸಲ್ಲಿ ನನ್ನ ಹೆಸರು ಪಾತ್ರೆ ಪಟ್ಟಿಗೆ ಬಂದ ದಿನ ನಾನು ಅಮ್ಮನಿಗೆ ಫೋನ್ ಮಾಡಿದ್ದೆ. ನೀನು ಅವರಿಗೆ ಇನ್ನೂ ನೆಂಟ.”

ನಾನು ಮಾತಿಗೆ ಸೋಲುವವನಲ್ಲ. ಆದರೆ ಅಲ್ಲಿಂದ ಓರೆಬ್ರೂ ತನಕ ಕಿಟಕಿ ನೋಡಿಕೊಂಡು ಬಂದೆ. ಹತ್ತು ತಿಂಗಳು ಕುಡಿದ ಅಷ್ಟೂ ಲೋಟ ಮಂಜಿನಲ್ಲಿ ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದವು.

ಪಂದ್ಯ ಒಂದು ಶಾಲೆಯ ಊಟದ ಹಾಲ್‌ನಲ್ಲಿ. ಅಕ್ಕ ಒಳಗೆ ಬಂದವರೇ ನಾಯಕಿಯನ್ನು ಹಿಡಿದು ಕೇಳಿದರು, ಗೆದ್ದರೆ ಎಷ್ಟು ದುಡ್ಡು ಎಂದು.

“ದುಡ್ಡಿಲ್ಲ. ಗೆದ್ದ ತಂಡಕ್ಕೆ ಒಂದು ಕೇಕು.”

“ಸೋತವರಿಗೆ?”

“ಅವರಿಗೂ ಅದೇ ಕೇಕಿನಲ್ಲಿ ಒಂದೊಂದು ತುಂಡು.”

ಅಕ್ಕನಿಗೆ ಸಮಾಧಾನಕ್ಕಿಂತ ಬೇಜಾರೇ ಆಯಿತು. “ಇಷ್ಟಕ್ಕಾ ನಾನು ಶನಿವಾರ ಆರು ಗಂಟೆಗೆ ಎದ್ದಿದ್ದು?” ಎಂದು ನನ್ನ ಕಡೆ ನೋಡಿದರು.

ಆಟ ಶುರುವಾಗುವ ಮೊದಲು ತೀರ್ಪುಗಾರ ಎಲ್ಲರ ಕಟ್ಟನ್ನೂ ಪರೀಕ್ಷೆ ಮಾಡುತ್ತಾನೆ. ಉದ್ದನೆಯ ಮನುಷ್ಯ, ಕುತ್ತಿಗೆಗೆ ಸೀಟಿ, ಕೈಯಲ್ಲಿ ದಪ್ಪ ನಿಯಮದ ಪುಸ್ತಕ. ನನ್ನ ಕಟ್ಟನ್ನು ಬೋರಲು ಹರಡಿದ. ಐವತ್ತೊಂಬತ್ತು ನೀಲಿ ಬೆನ್ನು. ಒಂದರ ಮೇಲೆ ಕೆಂಪು ಬೊಟ್ಟು.

“ಇದು ಗುರುತು ಮಾಡಿದ ಕಾರ್ಡು. ಬೆನ್ನು ನೋಡಿದರೆ ಯಾವುದು ಅಂತ ಗೊತ್ತಾಗುತ್ತೆ. ಆಡುವಂತಿಲ್ಲ.”

ಕರವಸ್ತ್ರದಲ್ಲಿ ಒರೆಸಿದೆ, ಹೋಗಲಿಲ್ಲ. ಕವಚ ಹಾಕೋಣ ಎಂದರೆ ಪ್ಲಾಸ್ಟಿಕ್ ನಿಷೇಧ. ಬೇರೆ ಎಮ್ಮೆ ಕಾರ್ಡು ತನ್ನಿ ಎಂದ ತೀರ್ಪುಗಾರ. ಬಸ್ ಡ್ರೈವರ್ ಹಾಲ್‌ನ ಪ್ರತಿ ಮೇಜಿಗೂ ಹೋಗಿ ಕೇಳಿ ಬಂದ. ಓರೆಬ್ರೂದವರ ಹತ್ತಿರ ಇಲ್ಲ, ಕಾರ್ಲ್‌ಸ್ಟಾಡ್‌ನವರ ಹತ್ತಿರ ಇಲ್ಲ. ಕೆಲಸಕ್ಕೆ ಬಾರದ್ದು ಎಂದು ಎಲ್ಲರೂ ಯಾವತ್ತೋ ಎಸೆದಿದ್ದರು. ಇಷ್ಟು ಜನ ಬೇಡ ಎಂದ ಎಮ್ಮೆ ಇಡೀ ಹಾಲ್‌ನಲ್ಲಿ ಒಂದೇ ಒಂದು ಇತ್ತು, ಅದರ ಬೆನ್ನ ಮೇಲೆ ಕುಂಕುಮ ಇತ್ತು. ಐವತ್ತೊಂಬತ್ತು ಕಾರ್ಡಿನಲ್ಲಿ ಆಡುವಂತಿಲ್ಲ, ಅವಳಿಲ್ಲದ ಕೊಟ್ಟಿಗೆ ಗೆಲ್ಲುವುದೂ ಇಲ್ಲ. ನಾಲ್ಕು ಮೇಜಿನ ಪಂದ್ಯವನ್ನು ಮೂರೇ ಜನ ಆಡುವಂತಿಲ್ಲ.

ತೀರ್ಪುಗಾರ ಪುಸ್ತಕ ಮುಚ್ಚುತ್ತಾ, “ಕಲೆ ಆಗಿದೆ, ಕ್ಷಮಿಸಿ,” ಅಂದ.

ಹಿಂದಿನಿಂದ ಅಕ್ಕನ ದನಿ ಬಂತು. “ಏನಂದ್ರಿ? ಕಲೆನಾ?”

ಒಂಬತ್ತು ವರ್ಷ ಸ್ವೀಡನ್ನಿನ ಆಫೀಸಿನಲ್ಲಿ ದನಿ ಎತ್ತದೆ ದುಡಿದ ಅಕ್ಕ ಮುಂದೆ ಬಂದರು. “ಅದು ಪೂಜೆ ಮಾಡಿದ ಕುಂಕುಮ. ಕಲೆ ಅಂತೆ. ನಿಮ್ಮ ಪುಸ್ತಕದಲ್ಲಿ ಏನು ಬರೆದಿದೆ, ಓದಿ ನೋಡೋಣ.”

ತೀರ್ಪುಗಾರ ತೆರೆದು ಓದಿದ: ಯಾವ ಕಾರ್ಡೂ ಹಿಂಬದಿಯಿಂದ ಉಳಿದ ಕಾರ್ಡುಗಳಿಗಿಂತ ಬೇರೆಯಾಗಿ ಕಾಣಬಾರದು.

ಅಕ್ಕ ಪುಟದ ಮೇಲೆ ಬೆರಳಿಟ್ಟರು. “ಬೊಟ್ಟು ಇರಬಾರದು ಅಂತ ಎಲ್ಲಿದೆ?”

ಅವನು ಹುಡುಕಿದ. “ಇಲ್ಲ.”

“ಅಂದರೆ ಎಲ್ಲದಕ್ಕೂ ಇದ್ದರೆ ಬೇರೆಯಾಗಿ ಕಾಣಲ್ಲ ತಾನೆ?”

ತೀರ್ಪುಗಾರ ಮತ್ತೆ ಪುಸ್ತಕ ತೆರೆದ. ಅಷ್ಟರಲ್ಲಿ ಅಕ್ಕನ ಕೈಚೀಲದಿಂದ ಕುಂಕುಮದ ಡಬ್ಬಿ ಹೊರಗೆ ಬಂದಿತ್ತು. ಶಾಲೆಯ ನಲ್ಲಿಯಿಂದ ಎರಡು ಹನಿ ನೀರು. ಉಂಗುರ ಬೆರಳು ಅದ್ದಿ ಅಕ್ಕ ಶುರು ಮಾಡಿದರು. ಗೋಡೆಗೊಂದು ಬೊಟ್ಟು, ಕಂದಕಕ್ಕೊಂದು, ಮುಳ್ಳಿಗೊಂದು, ಮಳೆಗೊಂದು. ಗಾತ್ರ ಒಂದೇ, ಜಾಗ ಒಂದೇ. ಗೌರಿಹಬ್ಬದಲ್ಲಿ ಇಡೀ ಕಟ್ಟಡದ ಹೆಂಗಸರಿಗೆ ಕುಂಕುಮ ಇಟ್ಟ ಕೈ ಅದು. ಅಲ್ಲಿದ್ದವರೆಲ್ಲ ಎದ್ದು ಬಂದು ಸುತ್ತ ನಿಂತರು. ಬಸ್ ಡ್ರೈವರ್ ಒಂದೊಂದನ್ನೇ ಊದಿ ಒಣಗಿಸಿದ.

ತೀರ್ಪುಗಾರ ಅರವತ್ತನ್ನೂ ಕಲಸಿ ಬೋರಲು ಹರಡಿ ಎಮ್ಮೆ ಎಲ್ಲಿ ಎಂದು ಹುಡುಕಿದ. ಹತ್ತು ಸಲ ಎತ್ತಿದ, ಹತ್ತು ಸಲವೂ ಕಂದಕವೋ ಮುಳ್ಳೋ ಬಂತು. ಅಕ್ಕನಿಗೇ ಹುಡುಕಲು ಹೇಳಿದ. ಅಕ್ಕನಿಗೂ ಸಿಗಲಿಲ್ಲ. ಕೊನೆಗೆ ಅವನು ನೆಟ್ಟಗೆ ನಿಂತು ಹೇಳಿದ, “ಎಲ್ಲಾ ಒಂದೇ ಥರ. ಆಡಬಹುದು.” ಆಮೇಲೆ ಸ್ವಲ್ಪ ಸಂಕೋಚದಿಂದ ಅಕ್ಕನನ್ನು ಕೇಳಿದ, ಅವನ ನಿಯಮದ ಪುಸ್ತಕಕ್ಕೂ ಒಂದು ಇಡಬಹುದಾ ಎಂದು.

ಮೊದಲ ಸುತ್ತುಗಳನ್ನು ಗೆದ್ದು ಬಂದೆವು, ಕೊನೆಯ ಸುತ್ತು ಕಾರ್ಲ್‌ಸ್ಟಾಡ್ ಜೊತೆ. ನಾಯಕಿ ಗೆದ್ದಳು, ಹುಡುಗ ಸೋತ, ಡ್ರೈವರದು ಸಮ. ಉಳಿದದ್ದು ನನ್ನ ಮೇಜು. ಎದುರಿಗೆ ಕೂತವನು ಯಾರೆಂದುಕೊಂಡಿರಿ? ಸಂಶೋಧನೆಗೆ ಹೋದ ನಮ್ಮ ಹಳೆಯ ನಾಲ್ಕನೆಯವನೇ. ನನ್ನ ಕುರ್ಚಿಯ ಹಿಂದಿನ ಯಜಮಾನ. ಬೇಲಿ ಕಟ್ಟಿದೆ, ಮುಳ್ಳು ಹರಡಿದೆ, ಎಮ್ಮೆಯನ್ನು ಮಲಗಿಸಿದೆ. ಅವನು ಕಾರ್ಡು ನೋಡಿ, “ಓ, ಇದನ್ನು ಶೂ ಡಬ್ಬಕ್ಕೆ ಹಾಕಿದ್ದು ನಾನೇ,” ಅಂದ.

ಆಮೇಲೆ ಇಬ್ಬರೂ ಮಾತಾಡಲಿಲ್ಲ. ಸುಮ್ಮನಿರುವುದರಲ್ಲಿ ಅವನೂ ಕಡಿಮೆಯವನಲ್ಲ. ಕಿಟಕಿಯ ಹೊರಗೆ ಮಂಜು, ಮೇಜಿನ ಮೇಲೆ ಮಂಜು. ಒಂದು ಮಣಿ, ಎರಡು ಮಣಿ. ಐದನೆಯದಕ್ಕೆ ಹಾಲ್‌ನ ಸದ್ದು ದೂರ ಹೋಯಿತು. ಏಳನೆಯದಕ್ಕೆ ಕೆರೆ ನೀರಿನ ವಾಸನೆ ಬಂತು. ಎಂಟನೆಯದಕ್ಕೆ ನಾನು ಏರಿಯ ಮೇಲೆ ಕೂತಿದ್ದೆ. ತಾತ ಬರೀ ಹಗ್ಗ ಹಿಡಿದು ಆಚೆ ದಡದಲ್ಲಿ ನಡೆದು ಬರುತ್ತಿದ್ದರು. ನೀರಿನ ನಡುವೆ ಗೌರಿ ಕಿವಿ ಅಲ್ಲಾಡಿಸಿದಳು. ಅವಸರ ಏನಿದೆ, ಬರಲಿ, ಎಂದು ನಾನು ಕೂತೇ ಇದ್ದೆ. ಎಷ್ಟು ಹೊತ್ತು ಗೊತ್ತಿಲ್ಲ.

ಯಾರೋ ಮೆಲ್ಲಗೆ ಕೆಮ್ಮಿದರು. ಎದುರಾಳಿ. ಮುಖ ಕೆಂಪಾಗಿತ್ತು ಅವನದು.

“ಕ್ಷಮಿಸು. ಇದು ನಿನ್ನ ಸರದಿ. ನೀನು ಏನೂ ಮಾಡಿಲ್ಲ. ಅಂದರೆ,” ಎಂದು ನನ್ನ ಮಣಿಗಳ ಕಡೆ ಬೆರಳು ತೋರಿಸಿ, “ಒಂಬತ್ತನೇ ಮಣಿ ಇಡೋದನ್ನು ಮರೆತಿದ್ದೀಯ ಅನ್ಸುತ್ತೆ.”

ಇಟ್ಟೆ. ಎಮ್ಮೆ ಎದ್ದಳು.

ನಾನೇ ಎಚ್ಚರವಾಗಿದ್ದು ಗೆದ್ದೆ ಎಂದು ಬೇಕಾದರೆ ಹೇಳಬಹುದಿತ್ತು, ಹೇಳುತ್ತಲೂ ಇದ್ದೆ, ಆದರೆ ಅಕ್ಕ ಅಲ್ಲೇ ನಿಂತು ಎಲ್ಲವನ್ನೂ ಊರಿಗೆ ವಿಡಿಯೋದಲ್ಲಿ ತೋರಿಸುತ್ತಿದ್ದರು. ಅಜ್ಜಿ ಎದುರಾಳಿಯನ್ನು ನೋಡಿ, “ಆ ಹುಡುಗ ಯಾರ ಮನೆಯವನು, ಇಂಥೋನು ನಿಮ್ಮ ತಾತನ ಎದುರಿಗೆ ಕೂತಿದ್ರೆ ಎಮ್ಮೆ ಉಳೀತಿತ್ತು,” ಅಂದಳು. ಆಮೇಲೆ ಕೇಳಿದಳು, “ಗೆದ್ದಿದ್ದಕ್ಕೆ ಏನ್ ಕೊಟ್ರು ಮಗ?”

ಕೇಕನ್ನು ಅಲ್ಲಿದ್ದವರಿಗೆಲ್ಲ ಸಮನಾಗಿ ಕೊಯ್ದಿದ್ದರು. ನನ್ನ ಪಾಲು ಕಾರ್ಡಿನಷ್ಟೇ ತೆಳ್ಳಗಿತ್ತು. ಅದಲ್ಲ ನಾನು ಹೇಳುವುದು. ಮುಂದಿನ ಗುರುವಾರ ಕ್ಲಬ್ಬಿಗೆ ಹೋದಾಗ ಮತ್ತೆ ಸಭೆ, ಮತ್ತೆ ಬನ್ನು, ಮತ್ತೆ ಸುತ್ತಿಗೆ, ಕುರ್ಚಿ ನನಗೆ ಖಾಯಂ. ನಾಯಕಿ ನನ್ನನ್ನು ಸಿಂಕಿನ ಹತ್ತಿರ ಕರೆದಳು. ನನಗೆ ಕೊಟ್ಟದ್ದು ಇಷ್ಟು: ನೆಲಮಾಳಿಗೆಯ ಬಾಗಿಲಿನ ಬೀಗದ ಕೈ ಒಂದು, ಪಾತ್ರೆ ತೊಳೆಯುವ ಪಟ್ಟಿಯಲ್ಲಿ ನನ್ನ ಹೆಸರು, ಮತ್ತು ಅವತ್ತಿನ ಹನ್ನೊಂದು ಲೋಟ.